ಗೂಡು ಯಾವ ಮಾರುಕಟ್ಟೆಗೆ, ಆಟ ಯಾವ ಪೆಟ್ಟಿಗೆಗೆ?

ಮಕ್ಕಳೇ, ಹೋದ ತಿಂಗಳು ಎರಡು ದಿನ ಲೊಕ್ಕನಹಳ್ಳಿಯ ಅಕ್ಕನ ಮನೆಯಲ್ಲಿದ್ದೆ. ಹನೂರು ತಾಲ್ಲೂಕಿನ ಈ ಊರು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು, ನಡುವೆ ಹೊಲಗಳು. ನಾನು ಹೋದಾಗ ಅಕ್ಕನ ಮನೆಯ ರೇಷ್ಮೆಹುಳುಗಳು ಹಣ್ಣಾಗಿ ಚಂದ್ರಿಕೆ ಹತ್ತಿದ್ದವು. ಇನ್ನು ಮೂರು ನಾಲ್ಕು ದಿನದಲ್ಲಿ ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಬೇಕು. ಮನೆಮಂದಿಗೆಲ್ಲ ಅದೇ ಧ್ಯಾನ.

ಅಕ್ಕನ ಮಗನ ಧ್ಯಾನ ಮಾತ್ರ ಬೇರೆ ಇತ್ತು. ಅವನು ಎಂಟನೇ ತರಗತಿ. ಈ ಬೆಳೆಯ ಹಣ ಕೈಗೆ ಬಂದರೆ ಒಂದು ಆಟದ ಪೆಟ್ಟಿಗೆ, ಅಂದರೆ ಟಿ.ವಿ.ಗೆ ಸೇರಿಸಿ ಆಡುವ ಗೇಮ್ ಕನ್ಸೋಲ್, ಕೊಡಿಸುತ್ತೇನೆಂದು ಭಾವ ಮಾತು ಕೊಟ್ಟಿದ್ದರು. ಹೊಸದಲ್ಲ. ಬೆಂಗಳೂರಿನ ನೆಂಟರ ಹುಡುಗನೊಬ್ಬ ತಾನು ಆಡಿ ಬಿಟ್ಟ ಹಳೆಯ ಪೆಟ್ಟಿಗೆಯನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಅಂದಿದ್ದ. ಕಡಿಮೆ ಅಂದರೂ ಅದು ಮನೆಯವರು ತಿಂಗಳಿಡೀ ಹಗಲೂ ರಾತ್ರಿ ಹುಳಕ್ಕೆ ಸೊಪ್ಪು ಹಾಕಿ ಸಂಪಾದಿಸಿದ ಹಣ.

"ಅದರಲ್ಲಿ ಯಾವ ಆಟ ಆಡ್ತೀಯಪ್ಪ?" ಅಂತ ಕೇಳಿದೆ.

"ಪೋಕೆಮಾನ್, ಮಾವ!" ಕಣ್ಣರಳಿಸಿ ಹೇಳಿದ.

ಬೆಂಗಳೂರಿನ ಹುಡುಗ ಕಳಿಸಿದ್ದ ಚಿತ್ರವನ್ನು ಫೋನಿನಲ್ಲಿ ನೋಡಿದೆ. ಅದು ನಿಂಟೆಂಡೊ ಕಂಪನಿಯ ಪೆಟ್ಟಿಗೆ ಆಗಿರಲಿಲ್ಲ. ಪೋಕೆಮಾನಿನ ಮುಖ್ಯ ಆಟಗಳು ನಿಂಟೆಂಡೊ ಪೆಟ್ಟಿಗೆಯಲ್ಲಿ ಬಿಟ್ಟರೆ ಬೇರೆ ಕಂಪನಿಯ ಪೆಟ್ಟಿಗೆಯಲ್ಲಿ ಬರುವುದೇ ಇಲ್ಲ. ಹೇಳದೆ ಇರುವ ಹಾಗಿರಲಿಲ್ಲ, ಹೇಳಿದೆ. ಹುಡುಗನ ಮುಖ ಬಾಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಸಿಟ್ಟಿನಿಂದ ಕೇಳಿದ: "ಆಟ ಮಾಡೋರು ಎಲ್ಲಾ ಪೆಟ್ಟಿಗೆಗೂ ಮಾಡುದ್ರ ಅವರಿಗೇ ಲಾಭ ಅಲ್ವಾ ಮಾವ? ಒಂದಕ್ಕ ಮಾತ್ರ ಯಾಕ ಮಾಡ್ತಾರ?"

ಒಳ್ಳೆಯ ಪ್ರಶ್ನೆ. ಈ ವಾರ ಅದಕ್ಕೇ ಉತ್ತರ ಹೇಳುತ್ತೇನೆ.

ಉತ್ತರದ ಮೊದಲ ಭಾಗ ನನ್ನದಲ್ಲ, ಭಾವನದು. ಅವರು ಜಗುಲಿಯ ಮೇಲೆ ಕೂತು ನಮ್ಮ ಮಾತು ಕೇಳುತ್ತಿದ್ದರು. ನಾನು ಅವರನ್ನು ಕೇಳಿದೆ: "ಭಾವ, ಈ ಸಲ ಗೂಡು ಕೊಳ್ಳೇಗಾಲಕ್ಕೋ ರಾಮನಗರಕ್ಕೋ?"

"ಅದ ನೋಡ್ಬೇಕು ಕಣಪ್ಪ," ಅಂದರು ಭಾವ. "ಕೊಳ್ಳೇಗಾಲ ಹತ್ರ, ಬಾಡಿಗೆ ಕಮ್ಮಿ. ರಾಮನಗರದಲ್ಲಿ ಕೊಳ್ಳೋರು ಜಾಸ್ತಿ, ರೇಟು ಒಂದೊಂದ್ ಸಲ ಚೆನ್ನಾಗಿರ್ತದ. ಆದ್ರ ಮಳವಳ್ಳಿ, ಕನಕಪುರ ದಾಟಿ ಹೋಗ್ಬೇಕು. ಗೂಡು ಕಮ್ಮಿ ಇದ್ರ ಬಾಡಿಗೆನೇ ತಿಂದಾಕ್ತದ. ಎರಡೂ ಕಡೆ ಅರ್ಧರ್ಧ ಹಾಕಣ ಅಂದ್ರ ನನಗ ಇಬ್ರು ಆಳು ಬೇಕು."

ಮಕ್ಕಳೇ, ಜಪಾನಿನ ಆಟ ತಯಾರಕರ ಲೆಕ್ಕವೂ ಹೆಚ್ಚುಕಡಿಮೆ ಇದೇ. ಕೊಳ್ಳುವವರು ಎಲ್ಲಿ ಹೆಚ್ಚು? ಅಲ್ಲಿಗೆ ಹೋಗಲು ಖರ್ಚೆಷ್ಟು? ನನ್ನ ಸರಕಿಗೆ ಆ ಮಾರುಕಟ್ಟೆ ಹೊಂದುತ್ತದೆಯೆ? ಎರಡು ಕಡೆ ಹಾಕಲು ನನ್ನ ಬಳಿ ಆಳುಗಳಿದ್ದಾರೆಯೆ? ಒಂದೊಂದಾಗಿ ನೋಡೋಣ.

ಮೊದಲನೆಯದು, ಕೊಳ್ಳುವವರು ಎಲ್ಲಿದ್ದಾರೆ ಎಂಬುದು.

ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು 'ಫ್ಯಾಮಿಲಿ ಕಂಪ್ಯೂಟರ್' ಎಂಬ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಬೆಲೆ 14,800 ಯೆನ್. ಜನ ಅದನ್ನು ಚಿಕ್ಕದಾಗಿ 'ಫ್ಯಾಮಿಕಾಮ್' ಅಂದರು. ಮರುವರ್ಷ ಹಡ್ಸನ್, ನಾಮ್ಕೊ ಮುಂತಾದ ಬೇರೆ ಕಂಪನಿಗಳೂ ಅದಕ್ಕೆ ಆಟ ಮಾಡತೊಡಗಿದವು. ಕೆಲವೇ ವರ್ಷಗಳಲ್ಲಿ ಜಪಾನಿನ ಮನೆಮನೆಯಲ್ಲೂ ಈ ಪೆಟ್ಟಿಗೆ ಕಾಣಿಸಿತು. ಆಗ ಆಟ ಮಾಡುವವರಿಗೆ ಹೆಚ್ಚು ಯೋಚನೆ ಇರಲಿಲ್ಲ, ಜನರೆಲ್ಲ ಸೇರುವ ಸಂತೆ ಅದೊಂದೇ.

ಜಪಾನಿನಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಎಂಬ ಆಟದ ಸರಣಿ ಬಹಳ ಪ್ರಸಿದ್ಧ. ಮೊದಲ ಭಾಗ 1986ರಲ್ಲಿ ಫ್ಯಾಮಿಕಾಮ್‌ಗೆ ಬಂತು. ಆ ಸರಣಿ ಮುಂದೆ ಯಾವ್ಯಾವ ಪೆಟ್ಟಿಗೆಗೆ ಹೋಯಿತು ನೋಡಿ. ಆರನೇ ಭಾಗದವರೆಗೂ ನಿಂಟೆಂಡೊ ಪೆಟ್ಟಿಗೆಗಳು. ಏಳನೆಯದು 2000ದಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್‌ಗೆ. ಎಂಟನೆಯದು ಪ್ಲೇಸ್ಟೇಷನ್ 2ಕ್ಕೆ. ಒಂಬತ್ತನೆಯದು 2009ರಲ್ಲಿ ಮತ್ತೆ ನಿಂಟೆಂಡೊಗೆ, ಅದೂ ಟಿ.ವಿ.ಯ ಪೆಟ್ಟಿಗೆಗಲ್ಲ, ಜೇಬಿಗೆ ಹಿಡಿಯುವ 'ಡಿ.ಎಸ್.' ಯಂತ್ರಕ್ಕೆ. ಕಂಪನಿ ಮನಸ್ಸು ಬದಲಿಸುತ್ತಲೇ ಇತ್ತು ಅನ್ನಿಸಬಹುದು. ಆದರೆ ಅದು ಹಿಂಬಾಲಿಸಿದ್ದು ಪೆಟ್ಟಿಗೆಯನ್ನಲ್ಲ, ಆಡುವ ಜನರನ್ನು. ಜನ ಯಾವ ಪೆಟ್ಟಿಗೆಯ ಸುತ್ತ ಕೂತರೋ ಕಥೆ ಅಲ್ಲಿಗೆ ಹೋಯಿತು.

ಎರಡನೆಯದು, ಸರಕು ಮತ್ತು ಸಾಗಣೆ.

ಡ್ರ್ಯಾಗನ್ ಕ್ವೆಸ್ಟ್‌ನಷ್ಟೇ ಹೆಸರಾದ ಇನ್ನೊಂದು ಸರಣಿ 'ಫೈನಲ್ ಫ್ಯಾಂಟಸಿ'. ಮಾಡಿದವರು ಸ್ಕ್ವೇರ್ ಎಂಬ ಕಂಪನಿ. ಇದರ ಮೊದಲ ಆರು ಭಾಗಗಳೂ ನಿಂಟೆಂಡೊ ಪೆಟ್ಟಿಗೆಗೇ ಬಂದಿದ್ದವು. ಏಳನೆಯದನ್ನು ಮಾಡುವಾಗ ತೊಡಕು ಎದುರಾಯಿತು. ಅವರಿಗೆ ಸಿನಿಮಾದಂತೆ ಓಡುವ ದೃಶ್ಯಗಳನ್ನು ಆಟದೊಳಗೆ ಇಡುವ ಆಸೆ. ನಿಂಟೆಂಡೊದ ಹೊಸ ಪೆಟ್ಟಿಗೆ 'ನಿಂಟೆಂಡೊ 64' ಆಗಲೂ ಕಾರ್ಟ್ರಿಡ್ಜನ್ನೇ ನೆಚ್ಚಿಕೊಂಡಿತ್ತು. ಕಾರ್ಟ್ರಿಡ್ಜ್ ಅಂದರೆ ಒಳಗೆ ಚಿಪ್ ಇರುವ ಪ್ಲಾಸ್ಟಿಕ್ ತುಂಡು. ಆ ಪೆಟ್ಟಿಗೆಯ ಜೊತೆಗೇ ಬಂದ 'ಸೂಪರ್ ಮಾರಿಯೋ 64' ಆಟ ಇದ್ದದ್ದು 8 ಎಂ.ಬಿ.ಯಲ್ಲಿ. ಸೋನಿಯ ಪ್ಲೇಸ್ಟೇಷನ್ ಸಿ.ಡಿ. ಬಳಸುತ್ತಿತ್ತು. ಒಂದು ಸಿ.ಡಿ.ಯಲ್ಲಿ ಸುಮಾರು 650 ಎಂ.ಬಿ. ಹಿಡಿಸುತ್ತದೆ. ಭಾಗಿಸಿ ನೋಡಿ, ಎಂಬತ್ತು ಪಟ್ಟು!

ಅಷ್ಟೇ ಅಲ್ಲ. ಕಾರ್ಟ್ರಿಡ್ಜ್ ತಯಾರಿಸಲು ವಾರಗಟ್ಟಲೆ ಬೇಕು, ಖರ್ಚೂ ಹೆಚ್ಚು. ಎಷ್ಟು ಮಾರಾಟವಾಗುತ್ತದೆ ಎಂದು ಮೊದಲೇ ಅಂದಾಜು ಮಾಡಿ ಹಣ ಸುರಿಯಬೇಕು. ಅಂದಾಜು ತಪ್ಪಿದರೆ ಉಳಿದ ಸರಕು ಉಗ್ರಾಣದಲ್ಲಿ ಕೊಳೆಯುತ್ತದೆ. ಸಿ.ಡಿ. ಹಾಗಲ್ಲ, ಅಗ್ಗ. ಬೇಕಾದರೆ ಕೆಲವೇ ದಿನಗಳಲ್ಲಿ ಮತ್ತೆ ಅಚ್ಚು ಹಾಕಿಸಬಹುದು.

ಹಾಗಾಗಿ ಸ್ಕ್ವೇರ್ ಹಳೆಯ ಮನೆಯನ್ನು ಬಿಟ್ಟು ಹೊರಟಿತು. 'ಫೈನಲ್ ಫ್ಯಾಂಟಸಿ 7' 1997ರ ಜನವರಿ 31ರಂದು ಪ್ಲೇಸ್ಟೇಷನ್‌ಗೆ ಬಂತು, ಮೂರು ಸಿ.ಡಿ.ಗಳಲ್ಲಿ. ಆರನೇ ಭಾಗದ ಕಾರ್ಟ್ರಿಡ್ಜಿಗೆ ಜಪಾನಿನಲ್ಲಿ 11,400 ಯೆನ್ ಬೆಲೆ ಇತ್ತು, ಏಳನೆಯದಕ್ಕೆ 6,800 ಯೆನ್. ಆಟ ದೊಡ್ಡದಾಯಿತು, ಬೆಲೆ ಇಳಿಯಿತು! ಡ್ರ್ಯಾಗನ್ ಕ್ವೆಸ್ಟ್ ಏಳು ಪ್ಲೇಸ್ಟೇಷನ್‌ಗೆ ಬರುತ್ತದೆ ಎಂಬ ಸುದ್ದಿ ಹೊರಬಿದ್ದದ್ದೂ ಅದೇ 1997ರ ಜನವರಿಯಲ್ಲೇ. ಎರಡು ದೊಡ್ಡ ಎತ್ತುಗಳು ಒಂದು ದಾರಿ ಹಿಡಿದರೆ ಮಂದೆ ಹಿಂದೆ ಬರುತ್ತದಲ್ಲವೆ? ಆಡುವವರೂ ಹಾಗೇ ಹಿಂದೆ ಬಂದರು.

ಮೂರನೆಯದು, ಜನ ದಿನ ಕಳೆಯುವ ರೀತಿ.

'ಮಾನ್‌ಸ್ಟರ್ ಹಂಟರ್' ಎಂಬ ಆಟ ಕ್ಯಾಪ್ಕಾಮ್ ಕಂಪನಿಯದು. ನಾಲ್ಕು ಜನ ಗೆಳೆಯರು ಸೇರಿ ದೊಡ್ಡ ಪ್ರಾಣಿಯನ್ನು ಬೇಟೆಯಾಡುವ ಆಟ. 2004ರಲ್ಲಿ ಮೊದಲು ಬಂದದ್ದು ಪ್ಲೇಸ್ಟೇಷನ್ 2ಕ್ಕೆ. ಆದರೆ ನಾಲ್ವರೂ ಕೂಡಿ ಆಡಲು ನಾಲ್ಕು ಮನೆಯಲ್ಲಿ ನಾಲ್ಕು ಪೆಟ್ಟಿಗೆ, ಇಂಟರ್‌ನೆಟ್ ಸಂಪರ್ಕ ಎಲ್ಲ ಬೇಕಾಗಿತ್ತು. ಮರುವರ್ಷ ಅದನ್ನೇ ಸೋನಿಯ ಕೈಯಲ್ಲಿ ಹಿಡಿಯುವ 'ಪಿ.ಎಸ್.ಪಿ.' ಯಂತ್ರಕ್ಕೆ ತಂದರು. ಜಪಾನಿನ ವಿದ್ಯಾರ್ಥಿಗಳೂ ಕೆಲಸಕ್ಕೆ ಹೋಗುವವರೂ ಓಡಾಡುವುದು ಹೆಚ್ಚಾಗಿ ರೈಲಿನಲ್ಲಿ. ಶಾಲೆ ಬಿಟ್ಟ ಮೇಲೆ ನಾಲ್ಕು ಹುಡುಗರು ಎಲ್ಲಾದರೂ ಕೂತು ತಮ್ಮ ತಮ್ಮ ಯಂತ್ರ ತೆರೆದರೆ ತಂತಿ ಇಲ್ಲದೆಯೇ ಜೊತೆಯಾಗಿ ಆಡಬಹುದಿತ್ತು. ನಮ್ಮ ಕಡೆ ಮರದ ಕೆಳಗೆ ನಾಲ್ವರು ಸೇರಿ ಚೌಕಾಬಾರ ಆಡುತ್ತಾರಲ್ಲ, ಹಾಗೆ. ಆಟ ಅದೇ ಆದರೂ ಅದು ಜಪಾನಿನಲ್ಲಿ ಮನೆಮಾತಾದದ್ದು ಸರಿಯಾದ ಯಂತ್ರ ಸೇರಿದ ಮೇಲೆ.

ಮುಂದೆ ಕ್ಯಾಪ್ಕಾಮ್‌ಗೆ ಹೊರದೇಶದ ಆಟಗಾರರೂ ಬೇಕೆನಿಸಿತು. ಅಮೆರಿಕ, ಯುರೋಪಿನಲ್ಲಿ ಜನ ಮನೆಯಲ್ಲಿ ದೊಡ್ಡ ಟಿ.ವಿ. ಮುಂದೆ, ಕಂಪ್ಯೂಟರ್ ಮುಂದೆ ಕೂತು ಆಡುವುದೇ ಹೆಚ್ಚು. ಅದಕ್ಕೇ 2018ರಲ್ಲಿ 'ಮಾನ್‌ಸ್ಟರ್ ಹಂಟರ್: ವರ್ಲ್ಡ್' ಬಂದದ್ದು ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಪೆಟ್ಟಿಗೆಗಳಿಗೆ, ಕೆಲವು ತಿಂಗಳ ನಂತರ ಕಂಪ್ಯೂಟರಿಗೆ. ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ ಜಪಾನಿನಲ್ಲಿ ಬಹಳ ಕಡಿಮೆ ಮಾರಾಟವಾಗುವ ಪೆಟ್ಟಿಗೆ. ಆದ್ದರಿಂದ ಜಪಾನಿನ ಎಷ್ಟೋ ಕಂಪನಿಗಳು ಅದನ್ನು ಕೈಬಿಡುತ್ತಿದ್ದವು. ಹೊರದೇಶದ ಲೆಕ್ಕ ಹಿಡಿದಾಗ ಅದೂ ಬೇಕಾಯಿತು. ಆ ಆಟದ ಪ್ರತಿಗಳು 2 ಕೋಟಿಗೂ ಹೆಚ್ಚು ಮಾರಾಟವಾದವು.

ಇಲ್ಲಿಗೆ ಬರುವಾಗ ನಮ್ಮ ಹುಡುಗ ತಡೆದ. "ಸರಿ ಮಾವ, ಪೋಕೆಮಾನ್ ಯಾಕ ಹಂಗ ಮಾಡಲ್ಲ?"

ಅದು ನಾಲ್ಕನೆಯ ಕಾರಣ, ನಂಟು ಮತ್ತು ಕರಾರು.

ಪೋಕೆಮಾನ್ ಮೊದಲು ಬಂದದ್ದು 1996ರ ಫೆಬ್ರವರಿ 27ರಂದು, ನಿಂಟೆಂಡೊದ 'ಗೇಮ್ ಬಾಯ್' ಯಂತ್ರಕ್ಕೆ. ಆಟ ಮಾಡಿದ್ದು ಗೇಮ್ ಫ್ರೀಕ್ ಎಂಬ ಕಂಪನಿ. ಆದರೆ ಪೋಕೆಮಾನಿನ ಒಡೆತನದಲ್ಲಿ ನಿಂಟೆಂಡೊಗೂ ಪಾಲಿದೆ. ನಿಂಟೆಂಡೊ ಯಂತ್ರವನ್ನೂ ಮಾರುತ್ತದೆ, ಆಟವನ್ನೂ ಮಾರುತ್ತದೆ. ಮಾರಿಯೋ, ಜೆಲ್ಡಾ, ಪೋಕೆಮಾನ್ ಬೇಕೆನ್ನುವವರು ತನ್ನ ಪೆಟ್ಟಿಗೆಯನ್ನೇ ಕೊಳ್ಳಲಿ ಎಂಬುದು ಅದರ ಲೆಕ್ಕ. ಒಂದು ಊರಿನ ಕಜ್ಜಾಯಕ್ಕೆ ಹೆಸರಿದ್ದರೆ ಜನ ಅದಕ್ಕೋಸ್ಕರವೇ ಆ ಊರಿನ ಜಾತ್ರೆಗೆ ಬರುತ್ತಾರೆ. ಆ ಕಜ್ಜಾಯ ಎಲ್ಲ ಜಾತ್ರೆಯಲ್ಲೂ ಸಿಕ್ಕರೆ ಈ ಜಾತ್ರೆಗೆ ಯಾರು ಬರುತ್ತಾರೆ? ಫೋನಿನಲ್ಲಿ 'ಪೋಕೆಮಾನ್ ಗೋ' ಆಡಿದವರು ನಿಮ್ಮಲ್ಲಿರಬಹುದು. ಅದು 2016ರಲ್ಲಿ ಬಂದ ಬೇರೆ ಬಗೆಯ ಆಟ. ಅದನ್ನು ಮಾಡಿದವರು ನಯಾಂಟಿಕ್ ಎಂಬ ಅಮೆರಿಕದ ಕಂಪನಿಯವರು.

ಒಡೆತನ ಇಲ್ಲದೆಯೂ ಕರಾರು ಇರಬಹುದು. 'ಕೆಲವು ತಿಂಗಳು ಈ ಆಟ ನಮ್ಮ ಪೆಟ್ಟಿಗೆಯಲ್ಲಿ ಮಾತ್ರ ಇರಲಿ' ಎಂದು ಪೆಟ್ಟಿಗೆಯ ಕಂಪನಿ ಆಟದ ಕಂಪನಿಯೊಡನೆ ಒಪ್ಪಂದ ಮಾಡಿಕೊಳ್ಳುತ್ತದೆ. 'ಫೈನಲ್ ಫ್ಯಾಂಟಸಿ 16' 2023ರ ಜೂನ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಮಾತ್ರ ಬಂತು, ಕಂಪ್ಯೂಟರಿಗೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಆದರೆ ಇಂಥ ಕರಾರಿಗೆ ಎರಡು ಮುಖ. ಜೊತೆಗಾರರ ಬೆಂಬಲ ಸಿಗುತ್ತದೆ ನಿಜ, ಉಳಿದ ಪೆಟ್ಟಿಗೆಯವರು ಮಾತ್ರ ಆ ಆಟವನ್ನು ಮರೆತುಬಿಡಬಹುದು. ಸ್ಕ್ವೇರ್ ಎನಿಕ್ಸ್ (ಹಳೆಯ ಸ್ಕ್ವೇರ್ ಈಗ ಡ್ರ್ಯಾಗನ್ ಕ್ವೆಸ್ಟ್‌ನ ಎನಿಕ್ಸ್ ಜೊತೆ ಒಂದಾಗಿದೆ) ಇನ್ನು ಮುಂದೆ ದೊಡ್ಡ ಆಟಗಳನ್ನು ಹಲವು ಪೆಟ್ಟಿಗೆಗಳಿಗೆ ತರುತ್ತೇವೆ ಎಂದು 2024ರ ಮೇ ತಿಂಗಳಲ್ಲಿ ಹೇಳಿತು.

ಹಾಗಾದರೆ ಎಲ್ಲರೂ ಎಲ್ಲದಕ್ಕೂ ಯಾಕೆ ಮಾಡುವುದಿಲ್ಲ? ಐದನೆಯ ಕಾರಣ ಅದೇ, ಆಳು ಸಾಲದು.

ಒಂದು ಪೆಟ್ಟಿಗೆಗೆ ಮಾಡಿದ ಆಟ ಇನ್ನೊಂದರಲ್ಲಿ ತಾನಾಗಿ ಓಡುವುದಿಲ್ಲ. ಪ್ರತಿ ಯಂತ್ರದ ಶಕ್ತಿ ಬೇರೆ, ಗುಂಡಿಗಳು ಬೇರೆ, ಪರದೆ ಬೇರೆ. ಚಿತ್ರಗಳನ್ನು ಹಗುರ ಮಾಡಬೇಕು, ಎಲ್ಲಿ ನಿಧಾನವಾಗುತ್ತದೆ ಎಂದು ಹುಡುಕಬೇಕು, ಮೊದಲಿಂದ ಕೊನೆಯವರೆಗೆ ಆಡಿ ತಪ್ಪು ಹಿಡಿಯಬೇಕು, ಆಮೇಲೆ ಆ ಪೆಟ್ಟಿಗೆಯ ಕಂಪನಿಯಿಂದ ಒಪ್ಪಿಗೆ ಪಡೆಯಬೇಕು. 2017ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್ 11' ಜಪಾನಿನಲ್ಲಿ ಒಂದೇ ದಿನ ಎರಡು ಯಂತ್ರಗಳಿಗೆ ಬಂತು. ಟಿ.ವಿ.ಗೆ ಸೇರಿಸುವ ಪ್ಲೇಸ್ಟೇಷನ್ 4ಕ್ಕೆ ಒಂದು, ಕೈಯಲ್ಲಿ ಹಿಡಿಯುವ ನಿಂಟೆಂಡೊ 3ಡಿ.ಎಸ್.ಗೆ ಇನ್ನೊಂದು. ಕಥೆ ಒಂದೇ, ಚಿತ್ರಗಳು ಮಾತ್ರ ಪೂರ್ತಿ ಬೇರೆ. ಒಂದೇ ಆಟವನ್ನು ಎರಡು ಸಲ ಮಾಡಿದ ಹಾಗೆ! ಅಷ್ಟು ಕೆಲಸ ದೊಡ್ಡ ಕಂಪನಿಗೆ ಆದೀತು, ಹತ್ತು ಜನರ ಚಿಕ್ಕ ತಂಡಕ್ಕೆ ಆಗುವ ಮಾತಲ್ಲ.

ಇತ್ತೀಚೆಗೆ ಈ ಕೆಲಸ ಸ್ವಲ್ಪ ಹಗುರವಾಗಿದೆ. ಆಟ ಕಟ್ಟುವ ತಂತ್ರಾಂಶವನ್ನು 'ಇಂಜಿನ್' ಅನ್ನುತ್ತಾರೆ. ಕ್ಯಾಪ್ಕಾಮ್ ತನ್ನದೇ 'ಆರ್.ಇ. ಇಂಜಿನ್' ಮಾಡಿಕೊಂಡಿದೆ. ಅದರಿಂದ ಕಟ್ಟಿದ ಆಟವನ್ನು ಬೇರೆ ಬೇರೆ ಯಂತ್ರಗಳಿಗೆ ಒಗ್ಗಿಸುವುದು ಸುಲಭ. 2025ರ ಫೆಬ್ರವರಿಯಲ್ಲಿ ಬಂದ 'ಮಾನ್‌ಸ್ಟರ್ ಹಂಟರ್ ವೈಲ್ಡ್ಸ್' ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಕಂಪ್ಯೂಟರ್ ಮೂರಕ್ಕೂ ಒಂದೇ ದಿನ ಬಂತು.

ನಮ್ಮ ದೇಶದವರೂ ಇದೇ ಲೆಕ್ಕ ಹಾಕುತ್ತಾರೆ. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಆಟದ ಕಂಪನಿಗಳಲ್ಲಿ ಒಂದು. ಆಗ ನಮ್ಮ ಮನೆಗಳಲ್ಲಿ ಆಟದ ಪೆಟ್ಟಿಗೆಗಳೇ ಅಪರೂಪ. ಹೊರದೇಶದ ಕಂಪನಿಗಳ ಆಟಗಳಿಗೆ ಚಿತ್ರ ಕೆಲಸ ಮಾಡಿಕೊಡುವುದರಲ್ಲೇ ಅದು ಹೆಸರು ಗಳಿಸಿತು. ಪುಣೆಯ ಒಂದು ಚಿಕ್ಕ ತಂಡ ನಮ್ಮ ಪುರಾಣಗಳ ಲೋಕವನ್ನಿಟ್ಟುಕೊಂಡು 'ರಾಜಿ' ಎಂಬ ಆಟ ಮಾಡಿತು. ಅದು 2020ರ ಆಗಸ್ಟ್‌ನಲ್ಲಿ ಮೊದಲು ಬಂದದ್ದು ನಿಂಟೆಂಡೊ ಸ್ವಿಚ್‌ಗೆ, ಬೇರೆ ಪೆಟ್ಟಿಗೆಗಳಿಗೆ ಬಂದದ್ದು ಎರಡು ತಿಂಗಳ ನಂತರ. ಲೊಕ್ಕನಹಳ್ಳಿಯ ಮಕ್ಕಳಿಗಾಗಿ ಯಾರಾದರೂ ಆಟ ಮಾಡಿದರೆ ಯಾವುದಕ್ಕೆ ಮಾಡಬೇಕು? ಹುಡುಗ ಥಟ್ಟನೆ ಉತ್ತರ ಕೊಟ್ಟ: "ಫೋನ್‌ಗೇ. ನಮ್ಮೂರಲ್ಲಿ ಇರದೇ ಅದು." ನೋಡಿ, ಅವನಿಗೆ ಪಾಠ ಅರ್ಥವಾಗಿತ್ತು.

ಭಾವ ನಗುತ್ತಾ ಇನ್ನೊಂದು ಮಾತು ಸೇರಿಸಿದರು. ಅವರು ಸಾಕುವುದು ಬಿಳಿ ಗೂಡಿನ ಬೈವೋಲ್ಟೀನ್ ಹುಳು. 1990ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನವರ ನೆರವಿನೊಂದಿಗೆ ನಮ್ಮ ಹವೆಗೆ ಒಗ್ಗುವ ಇಂಥ ತಳಿಗಳನ್ನು ರೂಪಿಸಿತ್ತು. "ಜಪಾನಿನ ಹುಳಾನ ಹಂಗೇ ತಂದು ಇಲ್ಲಿ ಬಿಟ್ರ ಬದುಕಲ್ಲ ಕಣಪ್ಪ. ನಮ್ಮ ಬಿಸಿಲಿಗ, ನಮ್ಮ ಸೊಪ್ಪಿಗ ತಕ್ಕ ಹಂಗ ಮಾಡ್ಬೇಕಾಯ್ತು. ನಿನ್ನ ಆಟಾನೂ ಹಂಗೇ ಅಂತ ಕಾಣ್ತದ."

ಮಕ್ಕಳೇ, ಅಪ್ಪ ಅಮ್ಮಂದಿರೇ, ಈ ಕಥೆಯಿಂದ ನಮಗೆ ಉಪಯೋಗ ಏನು? ಆಟ ಮಾಡುವವರು ಮೊದಲು ಆಡುವವರನ್ನು ನೋಡಿ ಆಮೇಲೆ ಪೆಟ್ಟಿಗೆ ಆರಿಸುತ್ತಾರೆ. ಕೊಳ್ಳುವವರು ಮಾತ್ರ ಮೊದಲು ಪೆಟ್ಟಿಗೆ ತಂದು ಆಮೇಲೆ ಆಟ ಹುಡುಕುತ್ತೇವೆ. ಇದು ತಿರುಗುಮುರುಗು. ಮಗು ಆಡಬೇಕೆಂದಿರುವ ಮೂರು ಆಟಗಳ ಹೆಸರನ್ನು ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಒಂದೊಂದರ ಮುಂದೆಯೂ ಅದು ಯಾವ ಯಾವ ಪೆಟ್ಟಿಗೆಗೆ ಬಂದಿದೆ ಎಂದು ಬರೆಯಿರಿ. ಹಳೆಯ ಪೆಟ್ಟಿಗೆಯಾದರೆ ಅದಕ್ಕೆ ಈಗಲೂ ಹೊಸ ಆಟ ಬರುತ್ತಿದೆಯೆ ಎಂದು ಕೇಳಿ. ಆಟದ ಬೆಲೆ ಬೇರೆ, ಪೆಟ್ಟಿಗೆಯ ಬೆಲೆ ಬೇರೆ ಎಂಬುದನ್ನೂ ಮರೆಯಬೇಡಿ. ಆಮೇಲೆ ಹಣ ತೆಗೆಯಿರಿ.

ಆ ರಾತ್ರಿ ಹುಡುಗ ಇಂಥದ್ದೇ ಪಟ್ಟಿ ಬರೆದ. ನಾನು ಮರುದಿನ ಊರಿಗೆ ಹೊರಟೆ. ಭಾವ ಈ ಸಲ ಕೊಳ್ಳೇಗಾಲಕ್ಕೇ ಗೂಡು ಹಾಕಿದರಂತೆ. ಒಂದು ವಾರದ ನಂತರ ಹುಡುಗನ ಫೋನ್ ಬಂತು.

"ಮಾವ, ಬೆಂಗಳೂರಿನ ಅಣ್ಣನಿಗ ಪೆಟ್ಟಿಗೆ ಬೇಡ ಅಂದ್ಬುಟ್ಟೆ."

"ಬೇಜಾರಾಯ್ತೇನೋ?"

"ಸ್ವಲ್ಪ ಆಯ್ತು. ನನ್ನ ಪಟ್ಟೀಲಿ ಮೂರರಲ್ಲಿ ಎರಡು ಆ ಪೆಟ್ಟಿಗೇಲಿ ಬರದೇ ಇಲ್ಲ. ಅಪ್ಪ ದುಡ್ಡ ಎತ್ತಿಟ್ಟವ್ರ. ನಿಂಟೆಂಡೊದು ಜಾಸ್ತಿ ದುಡ್ಡು ಅಂತ ಅಲ್ವಾ? ಇನ್ನೊಂದ್ ಬೆಳೆ ಕಾಯ್ತೀನಿ ಮಾವ. ಈ ಸಲ ಸೊಪ್ಪು ಕುಯ್ಯಕ್ಕ ನಾನೂ ಹೋಗ್ತೀನಿ."